ಸಮವಾದ ಪಂದ್ಯಕ್ಕೆ ತೀರ್ಪು ಯಾವುದು?

೧೯೬೮ನೆಯ ಇಸವಿ ಜೂನ್ ೫ರಂದು ಇಟಲಿಯ ನೇಪಲ್ಸ್ ನಗರದಲ್ಲಿ ಐರೋಪ್ಯ ಚಾಂಪಿಯನ್‌ಷಿಪ್ಪಿನ ಸೆಮಿಫೈನಲ್ ಫುಟ್‌ಬಾಲ್ ಪಂದ್ಯ ನಡೆಯಿತು. ಒಂದು ಕಡೆ ಇಟಲಿ, ಇನ್ನೊಂದು ಕಡೆ ಸೋವಿಯತ್ ಒಕ್ಕೂಟ. ತೊಂಬತ್ತು ನಿಮಿಷಗಳ ಆಟದಲ್ಲಿ ಯಾರಿಗೂ ಗೋಲು ದೊರೆಯಲಿಲ್ಲ. ಮೂವತ್ತು ನಿಮಿಷಗಳ ಹೆಚ್ಚುವರಿ ಆಟವನ್ನು ಆಡಿಸಿದ್ದಾಯಿತು, ಆಗಲೂ ಗೋಲಿಲ್ಲ. ಕಡೆಗೆ ರೆಫರಿಯು ಇಬ್ಬರು ನಾಯಕರನ್ನೂ ಕರೆದು ಒಂದು ನಾಣ್ಯವನ್ನು ಚಿಮ್ಮಿದನು. ಇಟಲಿಯ ನಾಯಕ ಫಕ್ಕೆಟ್ಟಿ ಹೇಳಿದ ಮುಖವೇ ಮೇಲಾಗಿ ಬಿದ್ದಿತು. ಇಟಲಿ ಫೈನಲ್ ಪಂದ್ಯಕ್ಕೆ ಹೋಯಿತು. ಎರಡು ಗಂಟೆಗಳ ಕಾಲ ಸೋಲದೆ ಆಡಿದ ಸೋವಿಯತ್ ತಂಡಕ್ಕೆ ಫೈನಲ್ ತಪ್ಪಿಹೋಯಿತು. ಯುಗೊಸ್ಲಾವಿಯದೊಡನೆ ನಡೆದ ಫೈನಲ್ ಪಂದ್ಯವೂ ೧–೧ ಎಂದು ಸಮವಾಗಿ ಮುಗಿಯಿತು. ಆದರೆ ಅದಕ್ಕೆ ನಾಣ್ಯವನ್ನು ಚಿಮ್ಮಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಆಡಿಸಿದರು. ಇಟಲಿ ೨–೦ಯಿಂದ ಗೆದ್ದಿತು.

ಇದಕ್ಕೆ ಮೂರು ವರ್ಷ ಮೊದಲು, ೧೯೬೫ರಲ್ಲಿ, ಇನ್ನೂ ವಿಚಿತ್ರವಾದ ಒಂದು ಪ್ರಸಂಗ ನಡೆದಿತ್ತು. ಯೂರೋಪಿಯನ್ ಕಪ್ಪಿನ ಕ್ವಾರ್ಟರ್‌ಫೈನಲ್ಲಿನಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಮತ್ತು ಜರ್ಮನಿಯ ಕೊಲೋನ್ ತಂಡಗಳು ಎರಡು ಸಲ ಆಡಿದವು. ಎರಡೂ ಸಲ ೦–೦. ರಾಟರ್‌ಡ್ಯಾಮಿನಲ್ಲಿ ಮೂರನೆಯ ಸಲ ಆಡಿದರು, ೨–೨. ಒಂದು ಬದಿ ಕೆಂಪು, ಇನ್ನೊಂದು ಬದಿ ಬಿಳುಪಾಗಿದ್ದ ಬಿಲ್ಲೆಯೊಂದನ್ನು ರೆಫರಿ ಚಿಮ್ಮಿದಾಗ ಅದು ಕೆಸರಿನಲ್ಲಿ ನೆಟ್ಟಗೆ ನಿಂತುಬಿಟ್ಟಿತು! ಅದೃಷ್ಟವೂ ತೀರ್ಪು ಕೊಡಲೊಲ್ಲದೆ ಹೋಯಿತು. ಎರಡನೆಯ ಸಲ ಚಿಮ್ಮಿದ ಮೇಲೆ ಲಿವರ್‌ಪೂಲಿನ ಬಣ್ಣ ಮೇಲೆ ಬಂದಿತು.

ಇವನ್ನು ಕೇಳಿದಾಗ, ಆಟವನ್ನು ಆಟದಿಂದಲೇ ತೀರ್ಮಾನಿಸಬಾರದಿತ್ತೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಹೇಗೆ? ಈ ಪ್ರಶ್ನೆ ನೋಟಕ್ಕೆ ಸುಲಭ. ಅದಕ್ಕೆ ಉತ್ತರ ಹುಡುಕುತ್ತ ಫುಟ್‌ಬಾಲಿನ ಆಡಳಿತಗಾರರು ಅರ್ಧ ಶತಮಾನಕ್ಕೂ ಮೇಲ್ಪಟ್ಟು ತೊಳಲಿದ್ದಾರೆ. ಅವರ ಪ್ರಯೋಗಗಳನ್ನು ನಾವು ಇಲ್ಲಿ ಗಣಿತದ ಬೆಳಕಿನಲ್ಲಿ ಪರಿಶೀಲಿಸೋಣ.

ಪಂದ್ಯಗಳು ಸಮವಾಗುವುದೇಕೆ?

ಮಳೆಯ ಮೊದಲ ಹನಿಗಳು ಬೀಳುವಾಗ ಅಂಗಳದಲ್ಲಿರುವ ಒಂದೇ ಅಳತೆಯ ಎರಡು ಕಲ್ಲುಚಪ್ಪಡಿಗಳನ್ನು ನೋಡಿ. ಒಂದರ ಮೇಲೆ ಎರಡು ಹನಿ, ಇನ್ನೊಂದರ ಮೇಲೂ ಎರಡು ಹನಿ ಬಿದ್ದಿರುವುದು ಅಪರೂಪವೇನೂ ಅಲ್ಲ. ಆದರೆ ಸಾವಿರಾರು ಹನಿಗಳು ಬಿದ್ದಾದ ಬಳಿಕ ಎರಡರ ಲೆಕ್ಕವೂ ಒಂದು ಹನಿಯೂ ಹೆಚ್ಚುಕಡಮೆಯಿಲ್ಲದೆ ಒಂದೇ ಆಗಿರುವುದು ತೀರ ವಿರಳ. ಎಣಿಕೆ ಚಿಕ್ಕದಾದಷ್ಟೂ ಸಮವಾಗುವ ಸಂಭವ ಹೆಚ್ಚು. ಬ್ಯಾಸ್ಕೆಟ್‌ಬಾಲ್ ಜಡಿಮಳೆಯಂತೆ, ಫುಟ್‌ಬಾಲ್ ಮೊದಲ ಹನಿಗಳಂತೆ.

ಹೀಗೆ ವಿರಳವಾಗಿ, ಗೊತ್ತುಗುರಿಯಿಲ್ಲದೆ ಒದಗುವ ಘಟನೆಗಳ ಲೆಕ್ಕಕ್ಕೆ ಫ್ರಾನ್ಸಿನ ಗಣಿತಜ್ಞ ಪ್ವಾಸಾನ್ ೧೮೩೭ರಲ್ಲಿ ಒಂದು ಸೂತ್ರವನ್ನು ಕೊಟ್ಟನು. ಗೋಲುಗಳಿಗೂ ಆ ಸೂತ್ರ ಸುಮಾರಾಗಿ ಹೊಂದುತ್ತದೆ. ಸಮಬಲದ ಎರಡು ತಂಡಗಳು ಒಂದು ಪಂದ್ಯದಲ್ಲಿ ಸರಾಸರಿ ೧.೩೫ರಂತೆ, ಒಟ್ಟು ೨.೭ ಗೋಲುಗಳನ್ನು ಹೊಡೆಯುತ್ತವೆಂದು ಇಟ್ಟುಕೊಳ್ಳೋಣ. ಸೂತ್ರದ ಪ್ರಕಾರ ನೂರು ಪಂದ್ಯಗಳಲ್ಲಿ ಸುಮಾರು ೭ ಪಂದ್ಯಗಳು ೦–೦ ಎಂದೂ, ೧೨ ಪಂದ್ಯಗಳು ೧–೧ ಎಂದೂ, ೬ ಪಂದ್ಯಗಳು ೨–೨ ಎಂದೂ, ಒಂದು ೩–೩ ಎಂದೂ ಮುಗಿಯಬೇಕು. ಒಟ್ಟು ೨೬, ಎಂದರೆ ನಾಲ್ಕರಲ್ಲಿ ಒಂದು ಪಂದ್ಯ ಸಮ. ಒಂದು ತಂಡ ಇನ್ನೊಂದರ ಎರಡರಷ್ಟು ಬಲವುಳ್ಳದ್ದು, ಅದರ ಸರಾಸರಿ ೧.೮, ಎದುರಾಳಿಯದು ೦.೯ ಎಂದು ಭಾವಿಸಿದರೂ ಸಮವಾಗುವ ಪಂದ್ಯಗಳು ನೂರಕ್ಕೆ ೨೩ರಷ್ಟು ಉಳಿಯುತ್ತವೆ.

ಇದರಿಂದ ಎರಡು ವಿಷಯಗಳು ಹೊರಪಡುತ್ತವೆ. ಮೊದಲನೆಯದು, ಸಮವಾಗುವುದು ಆಟಗಾರರ ಸೋಮಾರಿತನದ ಫಲವೆನ್ನುವಂತಿಲ್ಲ. ಗೋಲು ದುರ್ಲಭವಾಗಿರುವ ಆಟದ ಸ್ವಭಾವವೇ ಅದು. ಎರಡನೆಯದು, ಪಂದ್ಯ ಸಮವಾದ ಮಾತ್ರಕ್ಕೆ ತಂಡಗಳು ಸಮಬಲದವೆಂದು ಹೇಳಲಾಗದು.

ಎರಡು ಬಗೆಯ ಪಂದ್ಯಾವಳಿಗಳು

ಲೀಗ್ ಪದ್ಧತಿಯಲ್ಲಿ ಪ್ರತಿಯೊಂದು ತಂಡವೂ ಉಳಿದೆಲ್ಲ ತಂಡಗಳೊಡನೆ ಆಡುತ್ತದೆ. ವರ್ಷದ ಕೊನೆಯಲ್ಲಿ ಅಂಕಗಳನ್ನು ಕೂಡುತ್ತಾರೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಇಪ್ಪತ್ತು ತಂಡಗಳಿದ್ದು ಒಂದೊಂದು ತಂಡಕ್ಕೆ ೩೮ ಪಂದ್ಯಗಳು ಬರುತ್ತವೆ. ಇಲ್ಲಿ ಒಂದು ಪಂದ್ಯ ಸಮವಾದರೆ ಆಕಾಶವೇನೂ ಬೀಳುವುದಿಲ್ಲ. ನಾಕೌಟ್ ಪದ್ಧತಿಯ ಮಾತು ಬೇರೆ. ಅಲ್ಲಿ ಸೋತವರು ಹೊರಗೆ, ಗೆದ್ದವರು ಮುಂದಕ್ಕೆ. ಇಬ್ಬರೂ ಮುಂದೆ ಹೋಗುವಂತಿಲ್ಲವಾದ್ದರಿಂದ ತೀರ್ಪು ಬೇಕೇ ಬೇಕು.

ಮತ್ತೆ ಮತ್ತೆ ಆಡಿಸುವುದು ಹಳೆಯ ಕ್ರಮ. ೧೯೭೧ರಲ್ಲಿ ಇಂಗ್ಲೆಂಡಿನ ಎಫ್.ಎ. ಕಪ್ಪಿನ ಅರ್ಹತಾ ಸುತ್ತಿನಲ್ಲಿ ಆಲ್ವ್‌ಚರ್ಚ್ ಮತ್ತು ಆಕ್ಸ್‌ಫರ್ಡ್ ಸಿಟಿ ಎಂಬ ಎರಡು ತಂಡಗಳು ಆರು ಪಂದ್ಯಗಳನ್ನು, ಒಟ್ಟು ಹನ್ನೊಂದು ಗಂಟೆಗಳ ಕಾಲ, ಆಡಬೇಕಾಯಿತು. ನ್ಯಾಯದ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಕ್ರಮವಿಲ್ಲ. ಆದರೆ ಆಟಗಾರರ ಕಾಲುಗಳೂ ಪಂದ್ಯಾವಳಿಯ ದಿನದರ್ಶಿಯೂ ಅದನ್ನು ತಾಳಲಾರವು. ಎಫ್.ಎ. ಕಪ್ಪಿನ ಮುಖ್ಯ ಸುತ್ತುಗಳಲ್ಲಿ ಮರುಪಂದ್ಯವೆಂಬುದು ೨೦೨೪ರಲ್ಲಿ ಪೂರ್ತಿಯಾಗಿ ನಿಂತುಹೋಯಿತು.

ಆದ್ದರಿಂದ ಅದೇ ದಿನ, ಅದೇ ಮೈದಾನದಲ್ಲಿ ಸಿಗುವ ತೀರ್ಪು ಬೇಕು. ಅಂಥ ತೀರ್ಪನ್ನು ಒರೆಗೆ ಹಚ್ಚಲು ನಾವು ಮೂರು ಪ್ರಶ್ನೆಗಳನ್ನು ಕೇಳಬಹುದು. ಇಬ್ಬರಿಗೂ ಸಮಾನ ಅವಕಾಶವಿದೆಯೆ? ಗೆಲುವು ಆಟದ ಕೌಶಲದಿಂದ ದೊರೆಯುತ್ತದೆಯೆ? ತೀರ್ಪಿಗೆ ಮುಂಚಿನ ಆಟವನ್ನು ಈ ನಿಯಮ ಕೆಡಿಸುವುದಿಲ್ಲವೆ? ನಾಣ್ಯವು ಮೊದಲನೆಯ ಪ್ರಶ್ನೆಯಲ್ಲಿ ಪೂರ್ಣಾಂಕ ಪಡೆಯುತ್ತದೆ, ಎರಡನೆಯದರಲ್ಲಿ ಸೊನ್ನೆ. ಮೂರನೆಯ ಪ್ರಶ್ನೆಯನ್ನು ಜನ ಸಾಮಾನ್ಯವಾಗಿ ಮರೆಯುತ್ತಾರೆ. ಅದನ್ನು ಮರೆತರೆ ಏನಾಗುತ್ತದೆಂಬುದನ್ನು ವೆಸ್ಟ್ ಇಂಡೀಸಿನ ಒಂದು ಪಂದ್ಯ ಜಗತ್ತಿಗೆ ತೋರಿಸಿಕೊಟ್ಟಿದೆ.

ತನ್ನ ಗೋಲಿಗೆ ತಾನೇ ಹೊಡೆದ ತಂಡ

೧೯೯೪ರ ಜನವರಿ ೨೭ರಂದು ಕೆರಿಬಿಯನ್ ಕಪ್ಪಿನ ಅರ್ಹತಾ ಸುತ್ತಿನಲ್ಲಿ ಬಾರ್ಬಡೋಸ್ ಮತ್ತು ಗ್ರೆನಾಡ ತಂಡಗಳು ಎದುರಾದವು. ಮುಂದಿನ ಸುತ್ತಿಗೆ ಹೋಗಲು ಬಾರ್ಬಡೋಸ್ ಎರಡು ಗೋಲುಗಳ ಅಂತರದಿಂದ ಗೆಲ್ಲಬೇಕಾಗಿತ್ತು. ಆ ಪಂದ್ಯಾವಳಿಯಲ್ಲಿ ಯಾವ ಪಂದ್ಯವೂ ಸಮವಾಗಿ ಮುಗಿಯಬಾರದೆಂಬ ನಿಯಮವಿತ್ತು. ಸಮವಾದರೆ ಹೆಚ್ಚುವರಿ ಆಟ. ಅದರಲ್ಲಿ ಮೊದಲು ಗೋಲು ಹೊಡೆದವರಿಗೆ ಅಲ್ಲಿಗೇ ಗೆಲುವು. ಸಾಲದೆಂಬಂತೆ ಆ ಗೋಲಿಗೆ ಎರಡು ಗೋಲುಗಳ ಬೆಲೆ ಕಟ್ಟಿದ್ದರು.

ಬಾರ್ಬಡೋಸ್ ೨–೦ ಮುಂದಿತ್ತು. ೮೩ನೆಯ ನಿಮಿಷದಲ್ಲಿ ಗ್ರೆನಾಡ ಒಂದು ಗೋಲು ಹೊಡೆಯಿತು: ೨–೧. ಹೀಗೆಯೇ ಮುಗಿದರೆ ಗೆದ್ದ ಬಾರ್ಬಡೋಸ್ ಹೊರಗೆ ಬೀಳುತ್ತಿತ್ತು. ಉಳಿದ ಕೆಲವು ನಿಮಿಷಗಳಲ್ಲಿ ಇನ್ನೊಂದು ಗೋಲು ಹೊಡೆಯುವುದು ಕಷ್ಟ. ಆದರೆ ಪಂದ್ಯ ಸಮವಾದರೆ ಮೂವತ್ತು ನಿಮಿಷಗಳ ಅವಕಾಶ, ಜೊತೆಗೆ ಒಂದು ಗೋಲಿಗೆ ಎರಡರ ಬೆಲೆ! ಬಾರ್ಬಡೋಸಿನ ಆಟಗಾರರು ಲೆಕ್ಕ ಹಾಕಿದರು. ೮೭ನೆಯ ನಿಮಿಷದಲ್ಲಿ ಚೆಂಡನ್ನು ತಮ್ಮ ಗೋಲಿಗೆ ತಾವೇ ಹೊಡೆದುಕೊಂಡರು: ೨–೨.

ಗ್ರೆನಾಡಕ್ಕೆ ಗುಟ್ಟು ತಿಳಿಯಿತು. ಅದಕ್ಕೆ ಈಗ ೩–೨ರ ಗೆಲುವೂ ಸಾಕು, ೨–೩ರ ಸೋಲೂ ಸಾಕು. ಅದರ ಆಟಗಾರರು ಎರಡು ಗೋಲುಗಳ ಕಡೆಗೂ ನುಗ್ಗತೊಡಗಿದರು. ಬಾರ್ಬಡೋಸಿನವರು ತಮ್ಮ ಗೋಲನ್ನೂ ಎದುರಾಳಿಯ ಗೋಲನ್ನೂ ಕಾಯಬೇಕಾಯಿತು! ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ ಎಂಬ ಗಾದೆಯನ್ನು ಮೈದಾನದ ಮೇಲೆ ಆಡಿ ತೋರಿಸಿದಂತಾಯಿತು. ಕೊನೆಗೆ ಹೆಚ್ಚುವರಿ ಆಟದಲ್ಲಿ ಬಾರ್ಬಡೋಸ್ ಗೋಲು ಹೊಡೆದು ೪–೨ರಿಂದ ಗೆದ್ದಿತು. ಮುಂದಿನ ಸುತ್ತಿಗೂ ಹೋಯಿತು.

ಆಟಗಾರರು ಮೋಸ ಮಾಡಲಿಲ್ಲ. ನಿಯಮ ಬೇಡಿದ್ದನ್ನೇ ಮಾಡಿದರು. ಕೊನೆಯಲ್ಲಿ ಕಾದಿರುವ ನಿಯಮವು ಅದಕ್ಕೆ ಮುಂಚಿನ ಆಟವನ್ನೆಲ್ಲ ಆಳುತ್ತದೆ. ನಮ್ಮ ವಿಷಯದ ತಿರುಳೇ ಇದು.

ಹೆಚ್ಚುವರಿ ಆಟ ಮತ್ತು ಚಿನ್ನದ ಗೋಲು

ಹದಿನೈದು ನಿಮಿಷಗಳ ಎರಡು ಭಾಗಗಳ ಹೆಚ್ಚುವರಿ ಆಟ ನಮ್ಮ ಎರಡನೆಯ ಪ್ರಶ್ನೆಗೆ ಒಳ್ಳೆಯ ಉತ್ತರ. ಅದು ಫುಟ್‌ಬಾಲೇ ಹೊರತು ಬೇರೆಯಲ್ಲ. ಆದರೆ ಅದು ಎಷ್ಟು ಸಲ ಗಂಟನ್ನು ಬಿಡಿಸೀತು? ಗೋಲುಗಳ ವೇಗ ಮೊದಲಿನಂತೆಯೇ ಇರುತ್ತದೆಂದು ಭಾವಿಸಿದರೆ ಮೂವತ್ತು ನಿಮಿಷಗಳಲ್ಲಿ ತಂಡವೊಂದರ ಸರಾಸರಿ ೦.೪೫ ಗೋಲು. ಪ್ವಾಸಾನನ ಸೂತ್ರದಿಂದ ಲೆಕ್ಕ ಮಾಡಿದರೆ ನೂರರಲ್ಲಿ ಸುಮಾರು ೪೯ ಪಂದ್ಯಗಳು ಹೆಚ್ಚುವರಿ ಆಟದ ಬಳಿಕವೂ ಸಮವಾಗಿಯೇ ಉಳಿಯುತ್ತವೆ. ಎಂದರೆ ಅರ್ಧ ಕೆಲಸ ಮಾತ್ರ ಆಗುತ್ತದೆ. ಅದೂ ದಣಿದ ಕಾಲುಗಳಿಂದ.

ಆಟ ಚುರುಕಾಗಲೆಂಬ ಆಸೆಯಿಂದ ೧೯೯೩ರಲ್ಲಿ ‘ಚಿನ್ನದ ಗೋಲು’ ಎಂಬ ನಿಯಮವನ್ನು ತಂದರು. ಹೆಚ್ಚುವರಿ ಆಟದಲ್ಲಿ ಮೊದಲ ಗೋಲು ಬಿದ್ದ ಕ್ಷಣವೇ ಪಂದ್ಯ ಮುಗಿಯಿತು. ೧೯೯೬ರ ಐರೋಪ್ಯ ಫೈನಲ್ಲಿನಲ್ಲಿ ಜರ್ಮನಿಯ ಬೀರ್‌ಹೋಫ್, ೨೦೦೦ದ ಫೈನಲ್ಲಿನಲ್ಲಿ ಫ್ರಾನ್ಸಿನ ಟ್ರೆಜೆಗೆ ಇಂಥ ಗೋಲುಗಳಿಂದಲೇ ಕಪ್ಪನ್ನು ತಂದುಕೊಟ್ಟರು. ಆದರೆ ನಿಯಮ ಬಯಸಿದ್ದು ಒಂದು, ಆಟಗಾರರ ಮನಸ್ಸು ನಡೆದದ್ದು ಇನ್ನೊಂದು. ಹೊಡೆದರೆ ಗೆಲುವೆಂಬುದು ನಿಜ. ಆದರೆ ಹೊಡೆಸಿಕೊಂಡರೆ ತಿದ್ದಿಕೊಳ್ಳಲು ಒಂದು ಕ್ಷಣವೂ ಇಲ್ಲ. ಅದರಲ್ಲಿಯೂ ತನ್ನನ್ನು ದುರ್ಬಲವೆಂದು ಎಣಿಸಿದ ತಂಡಕ್ಕೆ ಮೈಬಿಚ್ಚಿ ಆಡುವುದರಿಂದ ಲಾಭವೇನು? ಅದು ಕೋಟೆ ಕಟ್ಟಿಕೊಂಡು ಮುಂದೆ ಬರುವ ಪೆನಾಲ್ಟಿ ಒದೆತಗಳನ್ನು ಕಾಯುತ್ತದೆ. ಹೀಗಾಗಿ ಧೈರ್ಯಕ್ಕೆಂದು ತಂದ ನಿಯಮ ಭಯವನ್ನೇ ಬೆಳೆಸಿತು. ನಡುವೆ ‘ಬೆಳ್ಳಿಯ ಗೋಲು’ ಎಂಬುದೊಂದು ಬಂದಿತು; ಹೆಚ್ಚುವರಿ ಆಟದ ಮೊದಲ ಭಾಗದ ಕೊನೆಯಲ್ಲಿ ಮುಂದಿದ್ದವರಿಗೆ ಅಲ್ಲಿಯೇ ಗೆಲುವು. ೨೦೦೪ರಲ್ಲಿ ಎರಡನ್ನೂ ಕೈಬಿಟ್ಟರು.

ಕೈಬಿಟ್ಟದ್ದರಿಂದ ಆದ ಲಾಭವನ್ನು ೨೦೨೨ರ ವಿಶ್ವಕಪ್ ಫೈನಲ್ಲಿನಲ್ಲಿ ಕಾಣಬಹುದು. ಹೆಚ್ಚುವರಿ ಆಟದಲ್ಲಿ ೧೦೮ನೆಯ ನಿಮಿಷಕ್ಕೆ ಅರ್ಜೆಂಟೀನದ ಮೆಸ್ಸಿ ಗೋಲು ಹೊಡೆದನು. ಹಳೆಯ ನಿಯಮವಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಫ್ರಾನ್ಸಿಗೆ ಉತ್ತರ ಕೊಡಲು ಅವಕಾಶವಿತ್ತು. ಹತ್ತು ನಿಮಿಷಗಳ ಅನಂತರ ಎಂಬಾಪೆ ಅದನ್ನು ೩–೩ ಮಾಡಿದನು. ಅರ್ಜೆಂಟೀನ ಗೆದ್ದದ್ದು ಪೆನಾಲ್ಟಿ ಒದೆತಗಳಿಂದ.

ಪೆನಾಲ್ಟಿ ಒದೆತಗಳ ವಿಜ್ಞಾನ

೧೯೬೮ರ ಒಲಿಂಪಿಕ್ ಕೂಟದಲ್ಲಿ ಇಸ್ರೇಲ್ ತಂಡ ಬಲ್ಗೇರಿಯದೊಡನೆ ಸಮವಾಗಿ ಆಡಿ, ಚೀಟಿ ಎತ್ತುವುದರಲ್ಲಿ ಸೋತು ಹೊರಬಿದ್ದಿತು. ಇದರಿಂದ ನೊಂದ ಯೋಸೆಫ್ ದಗನ್ ಎಂಬ ಇಸ್ರೇಲಿಗನು, ಐದೈದು ಪೆನಾಲ್ಟಿ ಒದೆತಗಳಿಂದ ತೀರ್ಮಾನಿಸಬಹುದಲ್ಲ ಎಂದು ಸೂಚಿಸಿದನು. ಜರ್ಮನಿಯ ರೆಫರಿ ಕಾರ್ಲ್ ವಾಲ್ಡನೂ ಇಂಥದೇ ಸಲಹೆಯನ್ನು ಮುಂದಿಟ್ಟನು. ೧೯೭೦ರ ಜೂನ್ ೨೭ರಂದು ಫುಟ್‌ಬಾಲ್ ನಿಯಮಗಳ ಅಂತರರಾಷ್ಟ್ರೀಯ ಮಂಡಳಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಅಂದಿನಿಂದ ೧೯೯೪, ೨೦೦೬ ಮತ್ತು ೨೦೨೨ರ ವಿಶ್ವಕಪ್ ಫೈನಲ್‌ಗಳು ಹೀಗೆಯೇ ನಿರ್ಧಾರವಾಗಿವೆ. ನಮ್ಮ ಬೆಂಗಳೂರು ಎಫ್.ಸಿ. ತಂಡ ಎರಡು ಬಗೆಯ ತೀರ್ಪನ್ನೂ ಕಂಡಿದೆ. ಇಂಡಿಯನ್ ಸೂಪರ್ ಲೀಗಿನ ೨೦೧೯ರ ಫೈನಲ್ಲಿನಲ್ಲಿ ಹೆಚ್ಚುವರಿ ಆಟದ ೧೧೭ನೆಯ ನಿಮಿಷದಲ್ಲಿ ರಾಹುಲ್ ಭೇಕೆ ಹೊಡೆದ ಗೋಲಿನಿಂದ ಗೋವ ತಂಡವನ್ನು ಸೋಲಿಸಿತು. ೨೦೨೩ರ ಫೈನಲ್ಲಿನಲ್ಲಿ ಮೋಹನ್ ಬಗಾನ್ ತಂಡದೊಡನೆ ೨–೨ ಸಮವಾಗಿ, ಪೆನಾಲ್ಟಿಗಳಲ್ಲಿ ೩–೪ರಿಂದ ಸೋತಿತು.

ಗೋಲಿನ ಅಗಲ ೭.೩೨ ಮೀಟರು, ಎತ್ತರ ೨.೪೪ ಮೀಟರು, ಚೆಂಡಿಡುವ ಗುರುತು ೧೧ ಮೀಟರು ದೂರದಲ್ಲಿದೆ. ಗಂಟೆಗೆ ೧೦೦ ಕಿಲೋಮೀಟರು ವೇಗದ ಚೆಂಡು ಈ ದೂರವನ್ನು ಸುಮಾರು ೦.೪ ಸೆಕೆಂಡಿನಲ್ಲಿ ದಾಟುತ್ತದೆ. ಕಣ್ಣು ಕಂಡದ್ದಕ್ಕೆ ಮೈ ಓಗೊಡಲು ಇದರಲ್ಲಿ ಅರ್ಧದಷ್ಟು ಕಾಲ ಬೇಕು. ಉಳಿದರ್ಧದಲ್ಲಿ ಮೂರೂವರೆ ಮೀಟರು ದೂರದ ಕಂಬದ ಕಡೆಗೆ ಹಾರಿ ಮುಟ್ಟುವುದು ಆಗದ ಕೆಲಸ. ಆದ್ದರಿಂದ ಗೋಲುರಕ್ಷಕನು ಒದೆತಕ್ಕೆ ಮುಂಚೆಯೇ ಊಹಿಸಬೇಕಾಗುತ್ತದೆ. ಒದೆಯುವವನು ಅವನ ಊಹೆಯನ್ನು ಊಹಿಸಬೇಕಾಗುತ್ತದೆ. ಸುಮಾರಾಗಿ ನಾಲ್ಕರಲ್ಲಿ ಮೂರು ಒದೆತಗಳು ಗೋಲಾಗುತ್ತವೆ.

ಇದು ಬರಿಯ ಲಾಟರಿಯೆಂದು ಹಲವರು ಹಳಿಯುತ್ತಾರೆ. ಗಣಿತ ಹಾಗೆ ಹೇಳುವುದಿಲ್ಲ. ಒಂದು ತಂಡ ನೂರಕ್ಕೆ ೮೦ರಂತೆಯೂ ಇನ್ನೊಂದು ೭೦ರಂತೆಯೂ ಗೋಲು ಹೊಡೆಯಬಲ್ಲವಾದರೆ, ಮೊದಲನೆಯದು ಮೂರು ಸ್ಪರ್ಧೆಗಳಲ್ಲಿ ಎರಡನ್ನು ಗೆಲ್ಲುತ್ತದೆ. ಕೌಶಲಕ್ಕೆ ಬೆಲೆಯಿದೆ, ಆದರೆ ಅದು ಹನ್ನೊಂದು ಮಂದಿ ಕೂಡಿ ಆಡುವ ಆಟದ ಒಂದು ಸಣ್ಣ ತುಣುಕಿನ ಕೌಶಲ.

ಇನ್ನು ಸಮಾನ ಅವಕಾಶದ ಮಾತು. ತಂಡಗಳು ಒಂದಾದ ಮೇಲೊಂದರಂತೆ ಒದೆಯುತ್ತವೆ. ನಾಲ್ಕರಲ್ಲಿ ಮೂರು ಒದೆತಗಳು ಗೋಲಾಗುವುದರಿಂದ ಎರಡನೆಯ ತಂಡದವನು ಬಹುಪಾಲು ‘ನಾವು ಹಿಂದಿದ್ದೇವೆ’ ಎಂಬ ಭಾರವನ್ನು ಹೊತ್ತೇ ಬರುತ್ತಾನೆ. ೨೦೧೦ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೊದಲು ಒದೆದ ತಂಡ ನೂರಕ್ಕೆ ಸುಮಾರು ೬೦ ಸಲ ಗೆದ್ದಿತ್ತು. ಎರಡು ವರ್ಷಗಳ ಬಳಿಕ ಬೇರೆ ಸಂಶೋಧಕರು ೫೪೦ ಸ್ಪರ್ಧೆಗಳನ್ನು ಪರೀಕ್ಷಿಸಿದಾಗ ಅದು ೫೩ಕ್ಕೆ ಇಳಿಯಿತು. ಆಕಸ್ಮಿಕದಿಂದಲೂ ಅಷ್ಟು ವ್ಯತ್ಯಾಸ ಬರಬಹುದು. ಮಾದರಿ ಚಿಕ್ಕದಾಗಿದ್ದರೆ ನಿರ್ಣಯಕ್ಕೆ ಆತುರಪಡಬಾರದೆಂಬ ಪಾಠವನ್ನು ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು.

ಸಂದೇಹವಿದ್ದರೂ ಪರಿಹಾರ ಸುಲಭ. ಕ–ಖ, ಕ–ಖ ಎಂದು ಒದೆಯುವ ಬದಲು ಕ–ಖ, ಖ–ಕ ಎಂದು ಒದೆದರೆ ಮೊದಲಿಗನ ಲಾಭ ಹಂಚಿಹೋಗುತ್ತದೆ. ಟೆನಿಸ್ಸಿನ ಟೈಬ್ರೇಕರಿನಲ್ಲಿ ಸರ್ವ್ ಬದಲಾಗುವ ಕ್ರಮವೂ ಇದೇ. ಅಂತರರಾಷ್ಟ್ರೀಯ ಮಂಡಳಿ ೨೦೧೭ರಲ್ಲಿ ಇದನ್ನು ಪ್ರಯೋಗಕ್ಕೆ ತಂದು, ಜನಕ್ಕೆ ಗೊಂದಲವಾಗುತ್ತದೆಂದು ೨೦೧೮ರಲ್ಲಿ ಬಿಟ್ಟುಬಿಟ್ಟಿತು. ಟೆನಿಸ್ ಪ್ರೇಕ್ಷಕರಿಗೆ ಆಗದ ಗೊಂದಲ ಫುಟ್‌ಬಾಲ್ ಪ್ರೇಕ್ಷಕರಿಗೇಕೆ ಆಗಬೇಕೆಂಬುದು ನಮಗೆ ತಿಳಿಯದು.

ಲೀಗಿನ ಅಂಕಗಣಿತ

ಲೀಗಿನಲ್ಲಿಯೂ ಸಮವನ್ನು ಒಪ್ಪದ ದೇಶಗಳುಂಟು. ಅಮೆರಿಕದ ಮೇಜರ್ ಲೀಗ್ ೧೯೯೬ರಲ್ಲಿ ಆರಂಭವಾದಾಗ, ಸಮವಾದ ಪಂದ್ಯಕ್ಕೆ ಒಂದು ಬಗೆಯ ದ್ವಂದ್ವವನ್ನು ಇಟ್ಟಿತ್ತು. ಆಟಗಾರನು ೩೫ ಗಜ ದೂರದಿಂದ ಚೆಂಡನ್ನು ಒಯ್ದು ಐದು ಸೆಕೆಂಡುಗಳೊಳಗೆ ಗೋಲು ಹೊಡೆಯಬೇಕು. ಗೋಲುರಕ್ಷಕನು ಮುಂದೆ ಬಂದು ತಡೆಯಬಹುದು. ಪೆನಾಲ್ಟಿಗಿಂತ ಇದು ನಿಜವಾದ ಆಟಕ್ಕೆ ಹತ್ತಿರ. ಆದರೂ ೨೦೦೦ದಲ್ಲಿ ಅದನ್ನು ಕೈಬಿಟ್ಟರು. ಸ್ವಲ್ಪ ಕಾಲ ಹೆಚ್ಚುವರಿ ಆಟವನ್ನು ಇಟ್ಟುಕೊಂಡು ನೋಡಿ, ೨೦೦೪ರಿಂದ ಲೀಗ್ ಪಂದ್ಯಗಳನ್ನು ಸಮವಾಗಿಯೇ ಬಿಟ್ಟರು. ಯುಗೊಸ್ಲಾವಿಯ ೧೯೮೮ರಿಂದ ಕೆಲವು ವರ್ಷ ಸಮವಾದ ಲೀಗ್ ಪಂದ್ಯಗಳಿಗೆಲ್ಲ ಪೆನಾಲ್ಟಿ ಒದೆಸಿ, ಗೆದ್ದವರಿಗೆ ಒಂದು ಅಂಕ, ಸೋತವರಿಗೆ ಸೊನ್ನೆ ಎಂದಿತು. ಅಲ್ಲಿ ಪಳಗಿದ ಬೆಲ್‌ಗ್ರೇಡಿನ ರೆಡ್ ಸ್ಟಾರ್ ತಂಡ ೧೯೯೧ರ ಯೂರೋಪಿಯನ್ ಕಪ್ಪನ್ನು ಐದಕ್ಕೆ ಐದು ಪೆನಾಲ್ಟಿಗಳನ್ನೂ ಗೋಲಾಗಿಸಿ ಗೆದ್ದಿತೆಂಬುದು ಸ್ವಾರಸ್ಯವಾದ ಸಂಗತಿ.

ಇಂಥ ಅಂಕಪದ್ಧತಿಗಳನ್ನು ತೂಗಲು ಸುಲಭವಾದ ಒಂದು ಉಪಾಯವುಂಟು. ಒಂದು ಪಂದ್ಯದಿಂದ ಎರಡು ತಂಡಗಳಿಗೂ ಸೇರಿ ಸಿಗುವ ಅಂಕವೆಷ್ಟು ಎಂದು ಕೂಡಿನೋಡಿ. ಗೆಲುವಿಗೆ ೨, ಸಮಕ್ಕೆ ಒಂದೊಂದು ಎಂಬ ಹಳೆಯ ಕ್ರಮದಲ್ಲಿ ಮೊತ್ತ ಯಾವಾಗಲೂ ೨. ಇಂಗ್ಲೆಂಡ್ ೧೯೮೧ರಲ್ಲಿಯೂ ವಿಶ್ವಕಪ್ ೧೯೯೪ರಲ್ಲಿಯೂ ಗೆಲುವಿಗೆ ೩ ಅಂಕ ಕೊಡತೊಡಗಿದವು. ಆಗ ಗೆಲುವು ಕಂಡ ಪಂದ್ಯದ ಮೊತ್ತ ೩, ಸಮವಾದುದರದು ೨. ಇಬ್ಬರೂ ಸೇರಿ ಒಂದು ಅಂಕವನ್ನು ಕಳೆದುಕೊಳ್ಳುತ್ತಾರಾದ್ದರಿಂದ ಸಮಕ್ಕೆ ತೃಪ್ತಿಪಡುವುದು ತುಸು ದುಬಾರಿ. ಇದಕ್ಕೆ ತದ್ವಿರುದ್ಧವಾದದ್ದು ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ೧೯೯೯ರಲ್ಲಿ ತಂದ ಕ್ರಮ. ಹೆಚ್ಚುವರಿ ಆಟದಲ್ಲಿ ಸೋತವರಿಗೂ ಒಂದು ಅಂಕ, ಗೆದ್ದವರಿಗೆ ಎರಡು. ನಿಗದಿಯಾದ ವೇಳೆಯಲ್ಲಿ ಮುಗಿದರೆ ಮೊತ್ತ ೨, ಹೆಚ್ಚುವರಿ ಆಟದಲ್ಲಿ ಮುಗಿದರೆ ೩! ಕೊನೆಯ ನಿಮಿಷಗಳಲ್ಲಿ ಸಮವಾಗಿದ್ದರೆ ಇಬ್ಬರಿಗೂ ಸುಮ್ಮನಿರುವುದೇ ಲಾಭ. ಸಮವನ್ನು ಬೇಡವೆಂದ ನಿಯಮ ಸಮಕ್ಕೆ ಬಹುಮಾನ ಕಟ್ಟಿದಂತಾಯಿತು. ಆದ್ದರಿಂದ ಸಮವಾದ ಪಂದ್ಯದ ಮೊತ್ತವು ಗೆಲುವು ಕಂಡ ಪಂದ್ಯದ ಮೊತ್ತವನ್ನು ಎಂದಿಗೂ ಮೀರಬಾರದು.

ನಮ್ಮ ಅಭಿಪ್ರಾಯ

ಲೀಗಿನಲ್ಲಿ ಸಮವನ್ನು ಸಮವಾಗಿಯೇ ಬಿಡುವುದು ಮೇಲು. ಅದು ತೀರ್ಪಿಲ್ಲದಿರುವುದಲ್ಲ; ಅದೂ ಒಂದು ತೀರ್ಪೇ. ಬಲಿಷ್ಠ ತಂಡವನ್ನು ಅದರ ಮೈದಾನದಲ್ಲಿಯೇ ಎದುರಿಸಿ ನಿಂತ ಸಣ್ಣ ತಂಡಕ್ಕೆ ಆ ಒಂದು ಅಂಕ ನ್ಯಾಯವಾಗಿ ಸೇರಬೇಕಾದದ್ದು. ಒಂದು ಪಂದ್ಯದ ಅದೃಷ್ಟ ಮೂವತ್ತೆಂಟು ಪಂದ್ಯಗಳಲ್ಲಿ ಬಹುಮಟ್ಟಿಗೆ ಸರಿದೂಗುತ್ತದೆ. ನಾಕೌಟಿನಲ್ಲಿ ಪೂರ್ತಿ ಮೂವತ್ತು ನಿಮಿಷಗಳ ಹೆಚ್ಚುವರಿ ಆಟವಿರಲಿ. ಅದರಿಂದಲೂ ಆಗದಿದ್ದರೆ ಪೆನಾಲ್ಟಿ ಒದೆತಗಳು, ಕ–ಖ, ಖ–ಕ ಕ್ರಮದಲ್ಲಿ.

ನಮ್ಮ ವಾಚಕರಲ್ಲಿ ಹಲವರು ಶಾಲೆ ಕಾಲೇಜುಗಳ ಪಂದ್ಯಾವಳಿಗಳನ್ನು ನಡೆಸುವವರಿರಬಹುದು. ನಿಯಮಗಳನ್ನು ಬರೆದಾದ ಮೇಲೆ ಒಂದು ಗಳಿಗೆ ನಿಂತು, ಇದರಿಂದ ಯಾವ ತಂಡಕ್ಕಾದರೂ ಗೋಲು ಹೊಡೆಯದಿರುವುದರಲ್ಲಿ, ಅಥವಾ ಬಾರ್ಬಡೋಸಿನಂತೆ ಹೊಡೆಸಿಕೊಳ್ಳುವುದರಲ್ಲಿ ಲಾಭವಿದೆಯೆ ಎಂದು ಲೆಕ್ಕ ಹಾಕಿ ನೋಡಲಿ. ಇದ್ದರೆ ಯಾರಾದರೊಬ್ಬರು ಅದನ್ನು ಕಂಡುಹಿಡಿಯದೆ ಬಿಡುವುದಿಲ್ಲ.

ನೇಪಲ್ಸಿನ ನಾಣ್ಯ ಫುಟ್‌ಬಾಲಿನಿಂದ ಪೂರ್ತಿ ಮರೆಯಾಗಿಲ್ಲ. ಇಂದಿಗೂ ಪೆನಾಲ್ಟಿಗಳಿಗೆ ಮುಂಚೆ ರೆಫರಿ ಅದನ್ನು ಚಿಮ್ಮುತ್ತಾನೆ. ಗೆದ್ದ ನಾಯಕನು ಮೊದಲು ಒದೆಯಬೇಕೋ ಆಮೇಲೋ ಎಂಬುದನ್ನು ಆರಿಸಿಕೊಳ್ಳುತ್ತಾನೆ. ಅಂದು ಅದು ಇಡೀ ಪಂದ್ಯವನ್ನು ನುಂಗಿತ್ತು. ಇಂದು ಸರದಿಯನ್ನಷ್ಟೇ ಹೇಳುತ್ತದೆ. ಆ ಸರದಿಯಿಂದಲೂ ಯಾರಿಗೂ ಲಾಭವಾಗದಂತೆ ಮಾಡಿದ ದಿನ, ಆಟದಲ್ಲಿ ನಾಣ್ಯಕ್ಕೆ ಎಷ್ಟು ಜಾಗವಿರಬೇಕೋ ಅಷ್ಟೇ ಉಳಿದೀತು.